ಬಲ್ಮಠದ ಹಳೆಯ ಪುಟಗಳಿಗೆ ಜೆರಾಕ್ಸ್ ಬೇಡ

ಮಾನ್ಯ ಸಂಪಾದಕರೇ,

1834ರಲ್ಲಿ ಮಂಗಳೂರಿಗೆ ಬಂದ ಸ್ವಿಸ್ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನ ಹಳೆಯ ಕನ್ನಡ ಮುದ್ರಣಗಳು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿವೆ. ಅಲ್ಲಿಗೆ ಹೋಗುವ ಸಂಶೋಧಕರು ದಯವಿಟ್ಟು ಜೆರಾಕ್ಸ್ ಕೇಳಬೇಡಿ. ಪುಸ್ತಕವನ್ನು ಗಾಜಿನ ಮೇಲೆ ಕವುಚಿ ಒತ್ತಿದರೆ ಬೆನ್ನಿನ ಹೊಲಿಗೆ ಬಿಡುತ್ತದೆ; ಮರದ ತಿರುಳಿನ ಕಾಗದವಾದರಂತೂ ಮೂಲೆ ಹಪ್ಪಳದಂತೆ ಮುರಿದು ಕೈಗೆ ಬರುತ್ತದೆ. 90 ಡಿಗ್ರಿಯಷ್ಟೇ ತೆರೆದು, ಎರಡೂ ರಟ್ಟಿನಡಿ ದಿಂಬಿಟ್ಟು, ಫ್ಲ್ಯಾಶ್ ಇಲ್ಲದೆ ಮೇಲಿನಿಂದ ಫೋಟೊ ತೆಗೆಯಲು ಅನುಮತಿ ಕೇಳಿ. ಹರಿದಲ್ಲಿ ಸೆಲೊ ಟೇಪ್ ಬೇಡವೇ ಬೇಡ: ಅಂಟು ಹಳದಿಗಟ್ಟಿ ಅಕ್ಷರವನ್ನೇ ನುಂಗುತ್ತದೆ. ತೆಳು ಜಪಾನಿ ಕಾಗದ, ಗೋಧಿ ಪಿಷ್ಟದ (ಸ್ಟಾರ್ಚ್) ಅಂಟು ಬೇಕು, ಅದೂ ಪಳಗಿದ ಕೈಯಲ್ಲಿ.

ಕರಾವಳಿಯ ಮಳೆಗಾಲದಲ್ಲಿ ಕೋಣೆಯ ತೇವಾಂಶ ಶೇ 65 ದಾಟಿದರೆ ಬೂಷ್ಟು ಶುರು. ತೇವ ಹೀರುವ ಯಂತ್ರವನ್ನು ರಾತ್ರಿ ಆರಿಸಿದರೆ ಏರಿಳಿತಕ್ಕೆ ಕಾಗದ ಇನ್ನಷ್ಟು ಸೊರಗುತ್ತದೆ. ಇಂಥ ಪತ್ರಾಗಾರಗಳ ಈ ವಿದ್ಯುತ್ ವೆಚ್ಚವನ್ನಾದರೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಭರಿಸಲಿ.

– ಗ್ರಂಥಪಾಲಕರ ಬಳಗ, ಮಂಗಳೂರು