ನನ್ನ ಹೆಜ್ಜೆಗೆ ಹೊಂದಿ ನಡೆದವರಿಗೆ

ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿದು, ತಪಾಸಣೆಯ ವರದಿಗಳು ಸಮಾಧಾನಕರವಾಗಿ ಬಂದ ಮೇಲೆ, ದಕ್ಷಿಣ ಸ್ವೀಡನ್ನಿನ ಮಾಲ್ಮೊ ನಗರದಲ್ಲಿ ನೆಲೆಸಿರುವ ಮಗಳ ಮನೆಗೆ ಹೋಗಿ, ಅಲ್ಲಿನ ಬೇಸಿಗೆಯನ್ನು ಅವಳ ಸಂಸಾರದೊಂದಿಗೆ ಕಳೆದು, ನಾನೂ ನನ್ನ ಪತಿಯೂ ಮೈಸೂರಿಗೆ ಮರಳಿದ್ದೇವೆ. ಆ ಬೇಸಿಗೆಯನ್ನು ನನಗೆ ದೊರಕಿಸಿಕೊಟ್ಟವರು ಬಹಳ ಮಂದಿ. ಒಬ್ಬೊಬ್ಬರ ಮನೆಗೂ ಬಂದು ಕೈಮುಗಿಯುವಷ್ಟು ಶಕ್ತಿ ಇನ್ನೂ ಕೂಡಿಬಂದಿಲ್ಲವಾದ್ದರಿಂದ ಎಲ್ಲರಿಗೂ ಇಲ್ಲಿಯೇ ಬರೆದು ತಿಳಿಸುತ್ತಿದ್ದೇನೆ.

ಮೊದಲು ನನ್ನ ವೈದ್ಯರಿಗೂ, ಕಿಮೊಥೆರಪಿ ವಿಭಾಗದ ದಾದಿಯರಿಗೂ ನಾನು ಋಣಿ. ಔಷಧಿಯ ಪರಿಣಾಮದಿಂದ ಪಾದಗಳಲ್ಲಿ ಜೋಮು ಉಳಿದಿತ್ತು. ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರಿಂದ ಎಡತೋಳು ಆಗಾಗ ಊದಿಕೊಳ್ಳುತ್ತಿತ್ತು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಆದರೆ ಅಂತಹ ವಿಮೆಗಳು ಮೊದಲೇ ಇರುವ ಕಾಯಿಲೆಗೆ ಸಾಮಾನ್ಯವಾಗಿ ಒದಗುವುದಿಲ್ಲವೆಂಬುದು ನಮ್ಮ ದೊಡ್ಡ ಆತಂಕವಾಗಿತ್ತು. ನನ್ನ ವೈದ್ಯರು ಎರಡು ತಪಾಸಣೆಗಳ ನಡುವಿನ ಅವಧಿಯನ್ನು ತಾವೇ ಗೊತ್ತುಮಾಡಿ, ಮಾತ್ರೆಗಳ ಹೆಸರುಗಳನ್ನೆಲ್ಲ ಪತ್ರದಲ್ಲಿ ಬರೆದುಕೊಟ್ಟು, ವಿಮಾನದಲ್ಲಿ ನನ್ನ ತೋಳಿಗೆ ಊತ ತಡೆಯುವ ಬಿಗಿಚೀಲ ತೊಡಿಸುವುದನ್ನು ನನ್ನ ಪತಿಗೆ ಕಲಿಸಿ, "ಹೋಗಿ ಬನ್ನಿ" ಎಂದು ಧೈರ್ಯವಾಗಿ ಹೇಳಿದರು. ಆ ಎರಡು ಮಾತುಗಳ ಬೆಲೆ ಏನೆಂಬುದು ತಿಂಗಳುಗಟ್ಟಲೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತವರಿಗೆ ಗೊತ್ತು. ನಾವಿಲ್ಲದಾಗ ಮನೆಯ ಬೀಗದಕೈ ಇಟ್ಟುಕೊಂಡು ತುಳಸಿಗೆ ನೀರು ಹಾಕಿದ ನೆರೆಯವರನ್ನೂ, ಗಾಲಿಕುರ್ಚಿಯಲ್ಲಿ ನನ್ನನ್ನು ವಿಮಾನದ ಬಾಗಿಲಿನವರೆಗೆ ತಲುಪಿಸಿದ ಬೆಂಗಳೂರು, ಕೋಪನ್‌ಹೇಗನ್ ನಿಲ್ದಾಣಗಳ ಸಹಾಯಕರನ್ನೂ ಇಲ್ಲಿ ನೆನೆಯುತ್ತೇನೆ.

ಮಗಳೂ ಅಳಿಯನೂ ದೊಡ್ಡ ರಾಜಧಾನಿಗಳ ಗೋಜಿಗೆ ಹೋಗದೆ, ರೈಲು ನಿಲ್ದಾಣದಿಂದ ನಡೆದು ತಲುಪಬಹುದಾದ ಹಳೆಯ ಸಣ್ಣ ಊರುಗಳನ್ನೇ ಆರಿಸಿಕೊಂಡಿದ್ದರು. ಒಂದು ಊರು ನೋಡಿದ ಮಾರನೆಯ ದಿನ ಕಡ್ಡಾಯವಾಗಿ ವಿಶ್ರಾಂತಿ. ಆ ಊರುಗಳ ಬೀದಿಗಳಿಗೆ ಇಂದಿಗೂ ಉರುಟು ಕಲ್ಲುಗಳನ್ನೇ ಹಾಸಿರುತ್ತಾರೆ. ಪಾದಕ್ಕೆ ನೆಲದ ಸ್ಪರ್ಶ ಸರಿಯಾಗಿ ತಿಳಿಯದವರಿಗೆ ಅಲ್ಲಿ ನಡೆಯುವುದು ಸುಲಭವಲ್ಲ. ಕೆಲವು ಬೀದಿಗಳಲ್ಲಿ ಕಲ್ಲುಗಳ ನಡುವೆ ಚಪ್ಪಟೆ ಚಪ್ಪಡಿಗಳ ಸಾಲೊಂದು ಹಾದುಹೋಗಿರುತ್ತದೆ. ನನ್ನ ಮೊಮ್ಮಗ ಪ್ರತಿ ಊರಿನಲ್ಲಿಯೂ ಮೊದಲು ಅದನ್ನು ಹುಡುಕಿ, ನನ್ನ ಕೈಹಿಡಿದು ಅದರ ಮೇಲೆ ನಡೆಸಿ, ತಾನು ಪಕ್ಕದ ಉರುಟು ಕಲ್ಲುಗಳ ಮೇಲೆ ನಡೆಯುತ್ತಿದ್ದ. ಓಡುವ ವಯಸ್ಸಿನ ಮಗು ಅಷ್ಟು ನಿಧಾನವಾಗಿ, ಬೇಸರವಿಲ್ಲದೆ ನಡೆದದ್ದಕ್ಕೆ ಅವನಿಗೆ ಪ್ರತ್ಯೇಕವಾಗಿ ವಂದನೆ ಹೇಳಬೇಕು. ದೊಡ್ಡವನಾದ ಮೇಲೆ ಅವನು ಇದನ್ನು ಓದಲಿ ಎಂಬುದು ನನ್ನ ಆಸೆ.

ಮಾಲ್ಮೊದಿಂದ ರೈಲಿನಲ್ಲಿ ಕಾಲುಗಂಟೆಯೊಳಗೆ ಸಿಗುವ ಲುಂಡ್, 1666ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಊರು. ಅಲ್ಲಿನ ಮಹಾ ಚರ್ಚಿನ ಪ್ರಧಾನ ಪೂಜಾವೇದಿಕೆ 1145ರಲ್ಲಿ ಪ್ರತಿಷ್ಠಾಪನೆಗೊಂಡದ್ದು. ಚರ್ಚಿನೊಳಗೆ ಮಧ್ಯಯುಗದ ಒಂದು ಖಗೋಳ ಗಡಿಯಾರವಿದೆ. ನಿಗದಿತ ವೇಳೆಗೆ ಅದರ ಪುಟ್ಟ ಬಾಗಿಲು ತೆರೆದು, ಮೂವರು ಅರಸರು ಸೇವಕರೊಂದಿಗೆ ಹೊರಬಂದು, ಮಗುವನ್ನು ಎತ್ತಿಕೊಂಡು ಕುಳಿತ ಮೇರಿಯ ಮುಂದೆ ಸಾಗಿಹೋಗುತ್ತಾರೆ. ಕೆಟ್ಟುನಿಂತಿದ್ದ ಈ ಗಡಿಯಾರವನ್ನು 1923ರಲ್ಲಿ ಮತ್ತೆ ನಡೆಯುವಂತೆ ಮಾಡಿದಾಗ, ಅದರ ಪಂಚಾಂಗದ ಫಲಕವನ್ನು 2123ರವರೆಗೆ ಲೆಕ್ಕಹಾಕಿ ಬರೆದಿಟ್ಟರಂತೆ. ಮುಂದಿನ ವರದಿಯ ದಿನಾಂಕದಾಚೆಗೆ ಯೋಚಿಸುವುದನ್ನೇ ಬಿಟ್ಟಿದ್ದ ನಾನು ಆ ಫಲಕದ ಮುಂದೆ ಬಹಳ ಹೊತ್ತು ನಿಂತೆ. ತಾವು ಕಾಣಲಾರದ ಇನ್ನೂರು ವರ್ಷಗಳ ತಿಥಿವಾರಗಳನ್ನು ಅಷ್ಟು ಶ್ರದ್ಧೆಯಿಂದ ಬರೆದವರನ್ನು ಕುರಿತು ಗೌರವ ಉಕ್ಕಿ, ಕಣ್ಣು ತುಂಬಿತು. ಮಗಳು ಏನನ್ನೂ ಕೇಳದೆ ಪಕ್ಕದಲ್ಲಿ ನಿಂತಿದ್ದಳು.

ಆದರೂ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಆಳವಾಗಿ ಉಳಿದಿರುವ ಊರು ಬಾಲ್ಟಿಕ್ ಸಮುದ್ರದ ದಡದ ಈಸ್ಟಾಡ್. ಮರದ ತೊಲೆಗಳ ಚೌಕಟ್ಟಿನ ನಡುವೆ ಇಟ್ಟಿಗೆ ತುಂಬಿ ಕಟ್ಟಿದ ನೂರಾರು ಹಳೆಯ ಮನೆಗಳು ಅಲ್ಲಿ ಇಂದಿಗೂ ವಾಸಕ್ಕೆ ಬಳಕೆಯಲ್ಲಿವೆ. ಬೇಸಿಗೆಯಲ್ಲಿ ಗೋಡೆಬುಡದ ಕಲ್ಲುಸಂದಿಗಳಿಂದಲೇ ಎದ್ದು ಆಳೆತ್ತರ ಬೆಳೆಯುವ ಹಾಲಿಹಾಕ್ ಹೂಗಿಡಗಳು ಆ ಓಣಿಗಳನ್ನು ತುಂಬಿರುತ್ತವೆ. ಊರಿನ ಸಂತ ಮೇರಿ ಚರ್ಚಿನ ಗೋಪುರದಲ್ಲಿ ರಾತ್ರಿ 9.15ರಿಂದ ನಡುರಾತ್ರಿ ಕಳೆದು ಒಂದು ಗಂಟೆಯಾಗುವವರೆಗೆ ಕಾವಲುಗಾರ ಎಚ್ಚರವಿದ್ದು, ಪ್ರತಿ ಕಾಲುಗಂಟೆಗೊಮ್ಮೆ ನಾಲ್ಕೂ ದಿಕ್ಕಿಗೆ ಕೊಂಬು ಊದುತ್ತಾನೆ. ಮರದ ಮನೆಗಳ ಊರಿಗೆ ಬೆಂಕಿಯ ಭಯವೇ ದೊಡ್ಡದಾಗಿದ್ದ ಕಾಲದಲ್ಲಿ, ಎಲ್ಲಿಯೂ ಬೆಂಕಿಯಿಲ್ಲ, ನಿಶ್ಚಿಂತೆಯಿಂದ ಮಲಗಿ ಎಂದು ತಿಳಿಸಲು ನಡೆದುಬಂದ ಪದ್ಧತಿಯಿದು. ಊರವರು ಅದನ್ನು ಇನ್ನೂ ಬಿಟ್ಟಿಲ್ಲ. ಅಂದು ನಾವು ಅಲ್ಲಿಯೇ ತಂಗಿದೆವು. ಜುಲೈ ತಿಂಗಳಾದ್ದರಿಂದ ಮೊದಲ ಕೊಂಬು ಕೇಳಿದಾಗ ಆಕಾಶದಲ್ಲಿ ಇನ್ನೂ ಬೆಳಕಿತ್ತು. ಕಿಮೊಥೆರಪಿಯ ರಾತ್ರಿಗಳಲ್ಲಿ ನಿದ್ದೆಯಿಲ್ಲದೆ ಗಂಟೆ ಎಣಿಸುತ್ತಾ ಮಲಗಿದ್ದಾಗ, ಪಕ್ಕದ ಕುರ್ಚಿಯಲ್ಲಿ ಎಚ್ಚರವಿದ್ದು "ಏನೂ ಆಗಿಲ್ಲ, ಮಲಗು" ಎನ್ನುತ್ತಿದ್ದವರು ನನ್ನ ಪತಿ. ಅವರು ದಣಿದು ನಿದ್ದೆಹೋದ ರಾತ್ರಿಗಳಲ್ಲಿ ಆ ಕುರ್ಚಿಗೆ ಬಂದು ಕುಳಿತವರು ನನ್ನ ತಂಗಿ. ಈಸ್ಟಾಡಿನಲ್ಲಿ ಕೊಂಬಿನ ದನಿ ಕೇಳುತ್ತಾ ಅವರಿಬ್ಬರಿಗೂ ನಾನು ಎಂದೂ ಬಾಯಿಬಿಟ್ಟು ಹೇಳಿರದ ಕೃತಜ್ಞತೆಯನ್ನು ಒಬ್ಬರಿಗೆ ಅಲ್ಲಿಯೇ, ಇನ್ನೊಬ್ಬರಿಗೆ ಮರುದಿನ ದೂರವಾಣಿಯಲ್ಲಿ ಹೇಳಿದೆ.

ಡೆನ್ಮಾರ್ಕಿನ ಕಡೆಗೂ ಹೋಗಿದ್ದೆವು. 2000ದಲ್ಲಿ ತೆರೆದ ಓರೆಸಂಡ್ ಸೇತುವೆಯ ಮೇಲೆ ಸಮುದ್ರವನ್ನು ದಾಟಿ, ಕೋಪನ್‌ಹೇಗನ್ ವಿಮಾನ ನಿಲ್ದಾಣಕ್ಕೆ ಸಮೀಪದಲ್ಲಿಯೇ ಇರುವ ಡ್ರಾಯರ್ ಎಂಬ ಹಳೆಯ ನಾವಿಕರ ಊರನ್ನು ನೋಡಿದೆವು. ಹಳದಿ ಗೋಡೆ, ಕೆಂಪು ಹೆಂಚಿನ ತಗ್ಗು ಮನೆಗಳು. ಇಬ್ಬರು ಜೊತೆಯಾಗಿ ನಡೆದರೆ ತುಂಬಿಹೋಗುವ ಓಣಿಗಳು. ಸೇತುವೆ ಬರುವ ಮೊದಲು ಸ್ವೀಡನ್ನಿಗೆ ಇಲ್ಲಿಂದಲೇ ಹಡಗು ಹೋಗುತ್ತಿತ್ತಂತೆ. ಹೆಲ್ಸಿಂಗೋರಿಗೆ ಹೋದ ದಿನ ಗಾಳಿ ವಿಪರೀತವಾಗಿದ್ದು, ಕ್ರೋನ್‌ಬೋರ್ಗ್ ಕೋಟೆಯನ್ನು ಹೊರಗಿನಿಂದ ಕಂಡದ್ದಷ್ಟೇ. ಇತಿಹಾಸದ ಅಧ್ಯಾಪಕರಾಗಿದ್ದ ನನ್ನ ಪತಿಗೆ ಮಾತ್ರ ಅದೇ ಸಾಕಾಗಿತ್ತು. ಕೋಟೆಯ ಮುಂದಿನ ಕಿರಿದಾದ ಜಲಸಂಧಿಯಲ್ಲಿ ಹಾದುಹೋಗುವ ಹಡಗುಗಳಿಂದ 1857ರವರೆಗೂ ಸುಂಕ ವಸೂಲಾಗುತ್ತಿದ್ದುದನ್ನೂ, ತಮಿಳುನಾಡಿನ ತರಂಗಂಬಾಡಿ 1620ರಿಂದ 1845ರವರೆಗೆ ಡೇನರ ವಶದಲ್ಲಿದ್ದುದನ್ನೂ ಅವರು ಮೊಮ್ಮಗನಿಗೆ ತರಗತಿಯ ಉತ್ಸಾಹದಲ್ಲಿ ವಿವರಿಸಿದರು. ನನ್ನ ಕಾಯಿಲೆಯ ದಿನಗಳಲ್ಲಿ ಅಡಗಿಹೋಗಿದ್ದ ಅವರ ಆ ದನಿಯನ್ನು ಮರಳಿ ಕೇಳಿಸಿದ್ದಕ್ಕೆ ಆ ಕಡಲತೀರಕ್ಕೂ ನಾನು ಕೃತಜ್ಞಳು.

ಚಿಕಿತ್ಸೆಯ ಕಾಲದಲ್ಲಿ ನಾಲಿಗೆಗೆ ಎಲ್ಲವೂ ಲೋಹದ ರುಚಿಯಾಗಿತ್ತು. ಅದು ಹೋದ ಮೇಲೂ ಪರಿಮಳಗಳು ಪೂರ್ತಿಯಾಗಿ ತಿರುಗಿ ಬಂದಿರಲಿಲ್ಲ. ಸ್ವೀಡನ್ನಿನವರು ಬ್ರೆಡ್ಡಿನ ಹಿಟ್ಟಿಗೆ ಧಾರಾಳವಾಗಿ ಏಲಕ್ಕಿ ಕುಟ್ಟಿಹಾಕಿ, ಸುರುಳಿಸುತ್ತಿದ ಬನ್ನುಗಳನ್ನು ಮಾಡುತ್ತಾರೆ. ಲುಂಡಿನ ಒಂದು ಬೇಕರಿಯಲ್ಲಿ ಅದನ್ನು ಬಾಯಿಗಿಟ್ಟಾಗ ಏಲಕ್ಕಿಯ ಪರಿಮಳ ನನಗೆ ಸ್ಪಷ್ಟವಾಗಿ ತಿಳಿಯಿತು. ಹಬ್ಬದ ದಿನ ಪಾಯಸದ ಪಾತ್ರೆಯ ಮುಚ್ಚಳ ತೆಗೆದಂತಾಯಿತು. ಆ ಬೇಕರಿಯ ಮಹಿಳೆಗೆ ನನ್ನ ಸಂತೋಷದ ಕಾರಣವನ್ನು ಮಗಳು ತಿಳಿಸಿದಾಗ, ಆಕೆ ಇನ್ನೊಂದು ಬನ್ನನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿತ್ತು, ಹಣ ಬೇಡವೆಂದರು. ನಾನು ಬಸ್ಸು ಹತ್ತುವಾಗ ಮೆಟ್ಟಿಲನ್ನು ನೆಲದ ಮಟ್ಟಕ್ಕೆ ಇಳಿಸಿ, ಕುಳಿತ ಮೇಲಷ್ಟೇ ಹೊರಟ ಮಾಲ್ಮೊದ ಚಾಲಕರು ಅನೇಕರು. ಬಿಸಿ ತಿಳಿಸಾರು, ಮಜ್ಜಿಗೆಹುಳಿ ತಂದುಕೊಟ್ಟು, ಮಗಳ ಮನೆಯಲ್ಲಿ ಕುಳಿತು ಕನ್ನಡದಲ್ಲಿ ಹರಟಿ ಹೋದ ಅಲ್ಲಿನ ಕನ್ನಡದ ಕುಟುಂಬಗಳ ವಾತ್ಸಲ್ಯವೂ ದೊಡ್ಡದು. ಅವರೆಲ್ಲರಿಗೂ ನನ್ನ ನಮಸ್ಕಾರಗಳು.

ಮಗಳೇ, ಅಳಿಯಂದಿರೇ, ನಿಮ್ಮ ರಜೆಗಳನ್ನೆಲ್ಲ ನನಗಾಗಿ ಮುಡಿಪಿಟ್ಟಿರಿ. ಪ್ರತಿ ಊರಿನಲ್ಲಿಯೂ ಬೆಂಚು ಎಲ್ಲಿದೆ, ಶೌಚಾಲಯ ಎಲ್ಲಿದೆ, ಮರಳುವ ರೈಲು ಎಷ್ಟು ಹೊತ್ತಿಗಿದೆ ಎಂಬುದನ್ನು ಮುಂಚೆಯೇ ತಿಳಿದುಕೊಂಡಿರುತ್ತಿದ್ದಿರಿ. ಅದನ್ನು ನನಗೆ ತೋರಗೊಡದೆ, ತಮಗೇ ದಣಿವಾಯಿತೆಂಬಂತೆ ಕುಳಿತುಕೊಳ್ಳುತ್ತಿದ್ದಿರಿ. ನಾನು ಅದನ್ನು ಗಮನಿಸಿದ್ದೇನೆ.

ಈಗ ಚಿಕಿತ್ಸೆ ಆರಂಭಿಸಿರುವವರು ಅಥವಾ ಅವರ ಮನೆಯವರು ಪಾದದ ಜೋಮು, ತೋಳಿನ ಊತ, ದೂರದ ಪ್ರಯಾಣದ ಸಿದ್ಧತೆ ಇವುಗಳ ಬಗ್ಗೆ ಅನುಭವದ ಮಾತು ಕೇಳಬಯಸಿದರೆ, ವೈದ್ಯರ ಸಲಹೆಯ ಜೊತೆಗೆ ನನಗೆ ತಿಳಿದಷ್ಟನ್ನೂ ಹೇಳಲು ನಾನು ಯಾವಾಗಲೂ ಸಿದ್ಧಳಿದ್ದೇನೆ. ಮೈಸೂರಿನಲ್ಲಿರುವವರು ಮನೆಗೇ ಬರಬಹುದು. ಸಂಜೆಯ ಹೊತ್ತು ನಾವಿಬ್ಬರೂ ಮನೆಯಲ್ಲಿರುತ್ತೇವೆ.