ರವಿವಾರ ಹಗಲು ಅಂಗಡಿ ಬಂದ್, ಊಟ ಗಾರ್ಡನ್‌ನಲ್ಲಿ: ಗ್ರಾಹಕರಿಗೆ ನಮ್ಮ ರೊಟ್ಟಿ ಕೇಂದ್ರದ ಪತ್ರ

ಗ್ರಾಹಕ ಬಂಧುಗಳೇ, ಶರಣು.

ಮೊದಲು ವಿಷಯ ಹೇಳಿಬಿಡುತ್ತೇವೆ, ಆಮೇಲೆ ಕಾರಣ. ಬರುವ ತಿಂಗಳ ಮೊದಲ ರವಿವಾರದಿಂದ ನಮ್ಮ ಕೇಂದ್ರದಲ್ಲಿ ರವಿವಾರ ಹಗಲು ಮಾರಾಟ ಇರುವುದಿಲ್ಲ. ಬಿಸಿರೊಟ್ಟಿ, ಪಲ್ಯ, ಪಾರ್ಸೆಲ್ ಯಾವುದೂ ಇಲ್ಲ. ಸಂಜೆ 5ರಿಂದ 8ರವರೆಗೆ ಮಾತ್ರ ಬಾಗಿಲು ತೆರೆದಿರುತ್ತದೆ. ಆಗಲೂ ಸಿಗುವುದು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಅಷ್ಟೇ. ಸೋಮವಾರದಿಂದ ಶನಿವಾರದವರೆಗೆ ಎಲ್ಲ ಮೊದಲಿನ ಹಾಗೆಯೇ.

ಹಾಗಂತ ರವಿವಾರ ನಮ್ಮ ಹಂಚು ಆರಿರುವುದಿಲ್ಲ. ಅವತ್ತು ಬಡಿದ ರೊಟ್ಟಿಯೆಲ್ಲ ನಮ್ಮ ಕಲಬುರಗಿಯ ಪಬ್ಲಿಕ್ ಗಾರ್ಡನ್‌ಗೆ ಹೋಗುತ್ತದೆ. ಮಧ್ಯಾಹ್ನ 12ರಿಂದ 2ರವರೆಗೆ ಅಲ್ಲಿಗೆ ಯಾರು ಬಂದರೂ ಊಟ. ದುಡ್ಡಿಲ್ಲ, ಚೀಟಿ ಇಲ್ಲ, ಹೆಸರು ಬರೆಸುವುದಿಲ್ಲ.

ತಿಂಗಳಿಗೊಮ್ಮೆ ಗಾರ್ಡನ್‌ನಲ್ಲಿ ಊಟ ಹಾಕುವುದು ನಿಮಗೆ ಗೊತ್ತೇ ಇದೆ. ನಿಮ್ಮಲ್ಲಿ ಕೆಲವರು ಬಂದು ಬಡಿಸಿದ್ದೀರಿ, ಪಾತ್ರೆ ತಿಕ್ಕಿದ್ದೀರಿ. ತಿಂಗಳಿಗೊಮ್ಮೆ ಅಂದರೆ ಅರ್ಧ ಮಂದಿ ಅಂಗಡಿಯಲ್ಲಿ, ಅರ್ಧ ಮಂದಿ ಗಾರ್ಡನ್‌ನಲ್ಲಿ ಅಂತ ಹೇಗೋ ನಿಭಾಯಿಸಬಹುದಿತ್ತು. ಇನ್ನು ಮೇಲೆ ಅದು ಪ್ರತಿ ರವಿವಾರ. ಎರಡೂ ಕಡೆ ಆಗುವುದಿಲ್ಲ.

ಯಾಕೆ ಆಗುವುದಿಲ್ಲ ಅಂತ ರೊಟ್ಟಿ ಬಡಿಯುವವರಿಗೆ ಹೇಳಬೇಕಿಲ್ಲ. ಉಳಿದವರಿಗಾಗಿ ಸ್ವಲ್ಪ ಹೇಳುತ್ತೇವೆ. ಗೋಧಿ ಹಿಟ್ಟಿನ ಹಾಗೆ ಜೋಳದ ಹಿಟ್ಟನ್ನು ರಾತ್ರಿಯೇ ಕಲಸಿ ಇಡಲು ಬರುವುದಿಲ್ಲ. ಅದಕ್ಕೆ ಗೋಧಿಯ ಅಂಟು ಇಲ್ಲ. ಕುದಿಯುವ ನೀರು ಹಾಕಿ ಆಗಲೇ ನಾದಬೇಕು, ನಾದಿದ ಕೂಡಲೇ ಬಡಿಯಬೇಕು. ತಡ ಮಾಡಿದರೆ ಅಂಚು ಬಿರಿಯುತ್ತದೆ. ಹಿಟ್ಟೂ ಹೊಸದಾಗಿ ಬೀಸಿದ್ದೇ ಬೇಕು. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ಎಷ್ಟು ನಾದಿದರೂ ಹಂಚಿನ ಮೇಲೆ ಹಾಕುವಾಗ ಹರಿಯುತ್ತದೆ. ನಾವು ಬಳಸುವುದು ಮಾಲದಂಡಿ ಜೋಳ. ಹಿಂಗಾರಿಯ ಈ ಬಿಳಿ ಜೋಳದ ರೊಟ್ಟಿ ಮೆತ್ತಗೆ ಬರುತ್ತದೆ. ಆದರೂ ಕೈ ಬೇಕೇ ಬೇಕು. ಖಡಕ್ ರೊಟ್ಟಿಗೆ ಮಷೀನ್ ಇಟ್ಟಿದ್ದೇವೆ. ಬಿಸಿರೊಟ್ಟಿ ಮಾತ್ರ ಇವತ್ತಿಗೂ ಕೈಯಲ್ಲೇ ಬಡಿಯುತ್ತೇವೆ. ಹೀಗಾಗಿ ಒಂದೇ ಹೊತ್ತಿನಲ್ಲಿ ಎರಡು ಕಡೆ ಬಿಸಿರೊಟ್ಟಿ ಕೊಡಬೇಕೆಂದರೆ ಮಂದಿ ಎರಡು ಪಟ್ಟು ಬೇಕು. ಅಷ್ಟು ಮಂದಿ ನಮ್ಮಲ್ಲಿಲ್ಲ.

ರವಿವಾರವೇ ಯಾಕೆ, ಬುಧವಾರ ಮಾಡಿದರೆ ನಿಮ್ಮ ವ್ಯಾಪಾರಕ್ಕೂ ಪೆಟ್ಟು ಬೀಳುವುದಿಲ್ಲವಲ್ಲ ಅಂತ ಹಳೆಯ ಗ್ರಾಹಕರೊಬ್ಬರು ಕೇಳಿದರು. ಸರಿಯಾದ ಪ್ರಶ್ನೆಯೇ. ರವಿವಾರ ನಮಗೆ ವ್ಯಾಪಾರ ಜಾಸ್ತಿ. ಆದರೆ ರವಿವಾರ ಶಾಲೆ ಇರುವುದಿಲ್ಲ, ಶಾಲೆ ಇಲ್ಲದ ದಿನ ಬಿಸಿಯೂಟವೂ ಇರುವುದಿಲ್ಲ. ರಾಜ್ಯದಲ್ಲಿ ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾಗಿದ್ದು ನಮ್ಮ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ. ಅಂದರೆ ಇಲ್ಲಿ ಮಧ್ಯಾಹ್ನದ ಊಟಕ್ಕೆ ಶಾಲೆಯನ್ನೇ ನೆಚ್ಚಿಕೊಂಡ ಮಕ್ಕಳು ಎಷ್ಟಿದ್ದರು ಅಂತ ಸರ್ಕಾರಕ್ಕೂ ಗೊತ್ತಿತ್ತು. ಆ ಮಕ್ಕಳಿಗೆ ವಾರದಲ್ಲಿ ಒಂದು ಮಧ್ಯಾಹ್ನ ಖಾಲಿ. ಗಾರ್ಡನ್‌ಗೆ ತಮ್ಮ ತಂಗಿಯರನ್ನು ಎತ್ತಿಕೊಂಡು ಬರುವವರಲ್ಲಿ ಇವರೇ ಹೆಚ್ಚು.

ಇನ್ನೊಂದು ಕಡೆ ದೊಡ್ಡಾಸ್ಪತ್ರೆಗೆ ಬಂದವರು. ಆಳಂದ, ಅಫಜಲಪುರ, ಚಿಂಚೋಳಿ, ಅತ್ತ ಸುರಪುರ, ಶಹಾಪುರದಿಂದಲೂ ಬರುತ್ತಾರೆ. ಪೇಶಂಟ್‌ಗೆ ವಾರ್ಡಿನಲ್ಲೇ ಊಟ ಬರುತ್ತದೆ. ಜೊತೆಗೆ ಬಂದವರ ಗತಿ ಹಾಗಲ್ಲ. ಔಷಧಿಗೆ ಬೇಕಾದೀತು ಅಂತ ಕಿಸೆಯಲ್ಲಿನ ದುಡ್ಡು ಮುಟ್ಟದೆ ಚಹಾ-ಬನ್ನಿನ ಮೇಲೆ ದಿನ ತೆಗೆಯುತ್ತಾರೆ. ಮತ್ತೆ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗರಿದ್ದಾರೆ, ತಿಂಗಳ ಕೊನೆಯಲ್ಲಿ ಇವರ ಸಂಖ್ಯೆ ಏರುತ್ತದೆ. ಕೂಲಿಗೆ ನಿಂತು ಕೆಲಸ ಸಿಗದೆ ಮರಳುವವರಿದ್ದಾರೆ. ಮನೆಯಲ್ಲಿ ಮಾತಾಡಿಸುವವರಿಲ್ಲದೆ ಬಂದು ಕೂರುವ ಹಿರಿಯರೂ ಇದ್ದಾರೆ. ಇವರಿಗೆ ರೊಟ್ಟಿಗಿಂತ ಪಕ್ಕದಲ್ಲಿ ಕೂತವರೇ ಮುಖ್ಯ ಅಂತ ನಮಗೆ ಅನಿಸಿದೆ.

ಈಗ ಗಾರ್ಡನ್ ವಿಷಯ. ಕೇಂದ್ರದ ಮುಂದೆಯೇ ಹಾಕಬಹುದಿತ್ತು, ಸಾಗಿಸುವ ಖರ್ಚು ಉಳಿಯುತ್ತಿತ್ತು. ಆದರೆ ಅಂಗಡಿ ಮುಂದೆ ಸಾಲು ನಿಂತರೆ ಅದು ಬೇರೆಯೇ ಕಾಣುತ್ತದೆ. ಹಾದುಹೋಗುವವರು ನೋಡುತ್ತಾರೆ, ನಿಂತವರು ತಲೆ ತಗ್ಗಿಸುತ್ತಾರೆ. ಗಾರ್ಡನ್‌ನಲ್ಲಿ ಹಾಗಿಲ್ಲ. ಬೇವಿನ ಗಿಡದ ನೆರಳಿಗೆ ಕೂತು ರೊಟ್ಟಿ ತಿನ್ನುವವರು ಹಸಿದು ಬಂದವರೋ, ಮಕ್ಕಳನ್ನು ಆಡಿಸಲು ಬಂದವರೋ ಯಾರಿಗೆ ಗೊತ್ತಾಗುತ್ತದೆ? ನಮಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಬೇಡ ಕೂಡ.

ಹಾಗಾಗಿಯೇ ನಿಮ್ಮನ್ನೂ ಕರೆಯುತ್ತಿದ್ದೇವೆ. ಸೇವೆ ಮಾಡಲಿಕ್ಕೆ ಅಂತ ಅಲ್ಲ, ಊಟಕ್ಕೆ. ‘ಅಯ್ಯೋ, ನಮಗ್ಯಾಕ್ರಿ ಪುಕ್ಕಟೆ ಊಟ, ಬಡವರಿಗೆ ಇರಲಿ’ ಅಂತ ತುಂಬ ಜನ ಹೇಳುತ್ತೀರಿ. ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ನೀವೆಲ್ಲ ದೂರ ನಿಂತರೆ ಪಂಕ್ತಿಯಲ್ಲಿ ಬಡವರು ಮಾತ್ರ ಉಳಿಯುತ್ತಾರೆ, ಆಗ ಅದು ಮತ್ತೆ ಅಂಗಡಿ ಮುಂದಿನ ಸಾಲೇ ಆಗುತ್ತದೆ. ರವಿವಾರ ನಮ್ಮಲ್ಲಿ ಕೊಳ್ಳುತ್ತಿದ್ದ ರೊಟ್ಟಿಯನ್ನು ಅವತ್ತು ಅಲ್ಲಿಯೇ ಬಂದು ಉಣ್ಣಿ. ಕಡಿಮೆ ಬೀಳುತ್ತದೆ ಅನ್ನುವ ಚಿಂತೆ ಬೇಡ, ರೊಟ್ಟಿ ಹೆಚ್ಚಿಗೆ ಬಡಿದುಕೊಂಡೇ ಹೊರಡುತ್ತೇವೆ.

ಈ ಊರಿಗೆ ಇದೇನು ಹೊಸ ಪಾಠ ಅಲ್ಲ ಬಿಡಿ. 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರು ಅರಳಗುಂಡಗಿಯಲ್ಲಿ ಒಕ್ಕಲುತನ ಮಾಡುವಾಗಲೇ ಬೆಳೆಗೆ ಬಂದ ಹಕ್ಕಿಗಳನ್ನು ಓಡಿಸಲಿಲ್ಲ ಅಂತ ನಮ್ಮ ಅಜ್ಜಿಯರು ಹೇಳುತ್ತಾರೆ. ಅವರ ದಾಸೋಹದ ಹೆಸರು ಇವತ್ತಿಗೂ ಊರಿನ ಬಾಯಲ್ಲಿದೆ. ಅವರಿಗಿಂತ 400 ವರ್ಷ ಮೊದಲು, 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜರ ದರ್ಗಾಕ್ಕೆ ಉರುಸಿನ ಹೊತ್ತಿನಲ್ಲಿ ಎಲ್ಲ ಜಾತಿಯವರೂ ಹೋಗುತ್ತಾರೆ. ಬೀದರಿನ ನಾನಕ್ ಝೀರಾ ಗುರುದ್ವಾರದ ಲಂಗರ್ ಅನ್ನು, ಅಂದರೆ ಎಲ್ಲರಿಗೂ ಹಾಕುವ ಪುಕ್ಕಟೆ ಊಟವನ್ನು, ನಮ್ಮ ಸದಸ್ಯರು ಹೋಗಿ ನೋಡಿ ಬಂದರು. ಭಕ್ತಿಗಿಂತ ಹೆಚ್ಚಾಗಿ ಲೆಕ್ಕ ಕಲಿಯಲು ಹೋಗಿದ್ದು ನಿಜ: ಹಿಟ್ಟು ಎಲ್ಲಿ, ನೀರು ಎಲ್ಲಿ, ತಾಟು ತೊಳೆಯುವುದು ಎಲ್ಲಿ, ಉಂಡವರು ಯಾವ ಬಾಗಿಲಿನಿಂದ ಹೊರಗೆ ಹೋಗುತ್ತಾರೆ. ಅಲ್ಲಿ ಎಲ್ಲರೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂರುತ್ತಾರೆ. ನಾವೂ ಕುರ್ಚಿ ಹಾಕುವ ವಿಚಾರ ಅಲ್ಲಿಗೇ ಬಿಟ್ಟೆವು. ಮೊಣಕಾಲು ನೋವಿದ್ದವರಿಗೆ ಕಲ್ಲಿನ ಬೆಂಚು ಇವೆ.

ಊಟ ಏನು ಅಂತ ಕೇಳುತ್ತೀರಿ. ಬಿಸಿರೊಟ್ಟಿ, ಪುಂಡಿಪಲ್ಯ ಇಲ್ಲವೇ ಎಣ್ಣೆಗಾಯಿ, ಒಂದು ಕಾಳಿನ ಪಲ್ಯ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಆಮೇಲೆ ಅನ್ನ ಮತ್ತು ತೊಗರಿ ಬ್ಯಾಳಿ. ಬ್ಯಾಳಿ ನಮ್ಮ ಜಿಲ್ಲೆಯದೇ. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಟ್ಯಾಗ್ (ಇದು ಈ ಭಾಗದ್ದೇ ಅನ್ನುವ ಅಧಿಕೃತ ಗುರುತು) ಬಂದ ಮೇಲೆ ಹೊರಗಿನವರಿಗೂ ಇದರ ರುಚಿ ಗೊತ್ತಾಗಿದೆ. ನಮಗೆ ಟ್ಯಾಗ್ ಬೇಕಿರಲಿಲ್ಲ, ಅಲ್ವಾ. ಒಂದು ಮಾತು ಸ್ಪಷ್ಟ ಇರಲಿ: ಶನಿವಾರ ಮಾರಾಟವಾಗದೆ ಉಳಿದ ರೊಟ್ಟಿ ಗಾರ್ಡನ್‌ಗೆ ಹೋಗುವುದಿಲ್ಲ. ನೀವು ದುಡ್ಡು ಕೊಟ್ಟು ಒಯ್ಯುವ ರೊಟ್ಟಿಯೂ ಅಲ್ಲಿ ಬಡಿಸುವ ರೊಟ್ಟಿಯೂ ಒಂದೇ ಹಿಟ್ಟಿನದು, ಒಂದೇ ಕೈಯದು.

ಒಲೆಯನ್ನು ಗಾರ್ಡನ್‌ನಲ್ಲಿ ಹಚ್ಚುವುದಿಲ್ಲ. ಎಲ್ಲ ಕೇಂದ್ರದಲ್ಲೇ ಮಾಡಿ ಟಂಟಂ ಆಟೋದಲ್ಲಿ ಸಾಗಿಸುತ್ತೇವೆ. ಪ್ಲಾಸ್ಟಿಕ್ ತಾಟು, ಲೋಟ ಇಲ್ಲ. ಸ್ಟೀಲ್ ತಾಟು ಇವೆ, ಉಂಡವರು ತಮ್ಮ ತಾಟು ತಾವೇ ತೊಳೆದಿಡುತ್ತಾರೆ. ತಾಟು ಬೇಡ ಅನ್ನುವವರೂ ಬೇಕಾದಷ್ಟು ಮಂದಿ. ಹೊಲದಲ್ಲಿ ಉಣ್ಣುವ ಹಾಗೆ ರೊಟ್ಟಿ ಅಂಗೈ ಮೇಲೆ, ಅದರ ಮೇಲೆ ಪಲ್ಯ, ಬದಿಗೆ ಹಿಂಡಿ. ತೊಳೆಯುವ ಕೆಲಸವೇ ಇಲ್ಲ.

ಬೇಸಿಗೆಗೆ ಊಟವೂ ಹೊತ್ತೂ ಬದಲಾಗುತ್ತವೆ. ಏಪ್ರಿಲ್, ಮೇ ಬಂತೆಂದರೆ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಮುಚ್ಚುತ್ತವೆ. 42 ಡಿಗ್ರಿ ಬಿಸಿಲಿನಲ್ಲಿ ಅನ್ನ-ಸಾರು ಇಟ್ಟುಕೊಂಡು ಕೂರುವುದು ಸರಿಯಲ್ಲ. ಬೇಯಿಸಿದ ಅಡುಗೆ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವೆ ಹೊತ್ತು ಕಳೆದಷ್ಟೂ ಕೆಡುತ್ತದೆ. ಹಾಗಾಗಿ ಆ ಎರಡು ತಿಂಗಳು ಅನ್ನ ಇಲ್ಲ. ಖಡಕ್ ರೊಟ್ಟಿ, ಹಿಂಡಿ, ಒಣ ಪಲ್ಯ, ಮಜ್ಜಿಗೆ. ಖಡಕ್ ರೊಟ್ಟಿಯಲ್ಲಿ ನೀರಿನಂಶ ತೀರಾ ಕಡಿಮೆ, ಅದು ಬಿಸಿಲಿಗೆ ಬೇಗ ಕೆಡುವುದಿಲ್ಲ. ಹೊತ್ತು ಬೆಳಿಗ್ಗೆ 10ರಿಂದ 12.

ಇದೇ ಕಾರಣಕ್ಕೆ ಒಂದು ವಿನಂತಿ. ಮನೆಯಲ್ಲಿ ಮಾಡಿದ ಅಡುಗೆ, ಫಂಕ್ಷನ್‌ನಲ್ಲಿ ಉಳಿದ ಊಟ ತರಬೇಡಿ. ತಂದರೆ ಇಸಿದುಕೊಳ್ಳುವುದಿಲ್ಲ. ನಿಮ್ಮ ಅಡುಗೆ ಚೆನ್ನಾಗಿಲ್ಲ ಅಂತ ಅಲ್ಲ. ಪುಕ್ಕಟೆ ಊಟ ಅಲ್ವಾ, ಯಾರು ಕೇಳುತ್ತಾರೆ ಅಂತ ಸುಮ್ನೆ ಬಿಡುವ ಹಾಗಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆ ಲಾಭಕ್ಕೆ ಮಾಡಿದ ಅಡುಗೆ, ಲಾಭವಿಲ್ಲದೆ ಮಾಡಿದ ಅಡುಗೆ ಅಂತ ಭೇದ ಮಾಡುವುದಿಲ್ಲ. ಯಾರದಾದರೂ ಹೊಟ್ಟೆ ಕೆಟ್ಟರೆ ಉತ್ತರ ಕೊಡಬೇಕಾದವರು ನಾವು. ಕೊಡಲೇಬೇಕು ಅನಿಸಿದರೆ ಜೋಳ ಕೊಡಿ, ಬ್ಯಾಳಿ ಕೊಡಿ, ಶೇಂಗಾ, ಉಳ್ಳಾಗಡ್ಡಿ ಕೊಡಿ. ಶುಕ್ರವಾರದೊಳಗೆ ತಲುಪಿದರೆ ಆ ರವಿವಾರಕ್ಕೆ ಬರುತ್ತದೆ. ಗಲ್ಲಾದ ಪಕ್ಕದಲ್ಲಿ ಇಟ್ಟಿದ್ದ ದುಡ್ಡಿನ ಡಬ್ಬಿ ತೆಗೆದಿದ್ದೇವೆ. ಚಿಲ್ಲರೆ ಕೊಡುವಾಗ ಎಲ್ಲರೂ ಆ ಡಬ್ಬಿಯ ಕಡೆ ನೋಡುವುದು, ನಾವು ಗ್ರಾಹಕರ ಮುಖ ನೋಡುವುದು ನಮಗೆ ಸರಿಬರಲಿಲ್ಲ.

ಹುಟ್ಟುಹಬ್ಬ, ತಿಥಿ, ಮದುವೆಯ ವಾರ್ಷಿಕೋತ್ಸವ ಅಂತ ಒಂದು ದಿನದ ಊಟದ ಖರ್ಚು ಹೊರುತ್ತೇವೆ ಅನ್ನುವವರಿಗೂ ಒಂದು ಮಾತು. ಸಂತೋಷ. ಆದರೆ ಬ್ಯಾನರ್ ಇಲ್ಲ, ಮೈಕ್ ಇಲ್ಲ, ಕೇಕ್ ಇಲ್ಲ. ಊಟ ಮಾಡುವವರ ಫೋಟೋ, ವಿಡಿಯೋ ಯಾರೂ ತೆಗೆಯುವ ಹಾಗಿಲ್ಲ, ನಾವೂ ತೆಗೆಯುವುದಿಲ್ಲ. ಇದರಲ್ಲಿ ನಾವು ಸ್ವಲ್ಪ ಗಟ್ಟಿ. ಕೈಯಲ್ಲಿ ರೊಟ್ಟಿ ಹಿಡಿದವರ ಎದುರು ಮೊಬೈಲ್ ಹಿಡಿದರೆ ಅವರು ಮುಂದಿನ ವಾರ ಬರುವುದಿಲ್ಲ.

ಕೈ ಜೋಡಿಸುವವರು ಬೇಕು, ಅದರಲ್ಲಿ ಮುಚ್ಚುಮರೆ ಇಲ್ಲ. ಬೆಳಿಗ್ಗೆ 8ಕ್ಕೆ ಕೇಂದ್ರಕ್ಕೆ ಬಂದರೆ ಪಲ್ಯ ಸೋಸುವುದು, ಉಳ್ಳಾಗಡ್ಡಿ ಹೆಚ್ಚುವುದು ಇರುತ್ತದೆ. 11ಕ್ಕೆ ಬಂದರೆ ಪಾತ್ರೆ ಏರಿಸುವುದು, ಇಳಿಸುವುದು. ರೊಟ್ಟಿ ಬಡಿಯಲು ಬರುತ್ತದೆ ಅನ್ನುವ ಅಣ್ಣಂದಿರಿದ್ದರೆ ಕಾಕಿಯರು ಒಂದು ರೊಟ್ಟಿ ಬಡಿಸಿ ನೋಡಿಯೇ ಹಂಚಿನ ಹತ್ತಿರ ಬಿಡುತ್ತಾರೆ, ಬೇಜಾರಾಗಬೇಡಿ. ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು 2 ಗಂಟೆಯ ಮೇಲೆ ಉಳಿಯುವವರು. ಬಡಿಸಲು ಎಲ್ಲರಿಗೂ ಹುಮ್ಮಸ್ಸು. ಕಸ ಬಳಿಯುವ ಹೊತ್ತಿಗೆ ಎಲ್ಲರಿಗೂ ಮನೆಯಲ್ಲಿ ಕೆಲಸ ನೆನಪಾಗುತ್ತದೆ. ಗಾರ್ಡನ್ ನಾವು ಹೋದಾಗ ಇದ್ದದ್ದಕ್ಕಿಂತ ಸ್ವಚ್ಛ ಇರಬೇಕು, ಇಲ್ಲವಾದರೆ ನಾಳೆ ಅಲ್ಲಿ ಕೂರಲು ನಮಗೆ ಯಾವ ಮುಖ ಇರುತ್ತದೆ?

ದುಡ್ಡಿನ ಲೆಕ್ಕ ಕೇಳುವ ಹಕ್ಕು ನಿಮಗಿದೆ. ರವಿವಾರ ರೊಟ್ಟಿ ಬಡಿಯುವ ನಮ್ಮ ಸದಸ್ಯೆಯರಿಗೆ ಅಂಗಡಿಯ ದಿನದಷ್ಟೇ ಕೂಲಿ ಸಿಗುತ್ತದೆ. ದಾನ ಅಂತ ಹೇಳಿ ಅವರ ಕೂಲಿ ಹಿಡಿಯುವುದು ನಮಗೆ ಒಪ್ಪಿಗೆ ಇಲ್ಲ. ಅವರ ಮನೆಯ ಒಲೆಯೂ ಇದರಿಂದಲೇ ಉರಿಯಬೇಕು. ಹೊರಗಿನಿಂದ ಬರುವ ನಿಮ್ಮಂಥವರು ಮಾತ್ರ ಬಿಟ್ಟಿ ಕೆಲಸ ಮಾಡುತ್ತೀರಿ. ಕೂಲಿ, ಹಿಟ್ಟು, ಗ್ಯಾಸ್, ಟಂಟಂ ಖರ್ಚು ಸಂಘದ ಲಾಭದಿಂದ ಹೋಗುತ್ತದೆ. ಸದಸ್ಯರ ಸಭೆಯಲ್ಲಿ ಚರ್ಚೆ ಜೋರಾಗಿಯೇ ಆಯಿತು, ಕೊನೆಗೆ ಎಲ್ಲರೂ ಒಪ್ಪಿದರು. ಇದಕ್ಕಾಗಿ ರೊಟ್ಟಿಯ ದರ ಏರಿಸುವುದಿಲ್ಲ. ಮಾರುಕಟ್ಟೆಯಲ್ಲಿ ಜೋಳದ ದರ ಏರಿದರೆ ರೊಟ್ಟಿ ದರವೂ ಏರಬೇಕಾದೀತು. ಆಗ ಜೋಳದ ದರ ಏರಿತು ಅಂತಲೇ ಹೇಳುತ್ತೇವೆ, ಗಾರ್ಡನ್ ಊಟದ ತಲೆಗೆ ಕಟ್ಟುವುದಿಲ್ಲ. ಖರ್ಚಿನ ಹಾಳೆ ಪ್ರತಿ ತಿಂಗಳು ಗಲ್ಲಾದ ಹಿಂದಿನ ಗೋಡೆಗೆ ಅಂಟಿಸಿರುತ್ತೇವೆ.

ರವಿವಾರ ಮದುವೆ, ಕುಪ್ಪಸ (ಸೀಮಂತ), ಗೃಹಪ್ರವೇಶ ಇದ್ದವರು ಬುಧವಾರದೊಳಗೆ ಹೇಳಿದರೆ ಶನಿವಾರ ರಾತ್ರಿಯೊಳಗೆ ಖಡಕ್ ರೊಟ್ಟಿ ತಲುಪಿಸುತ್ತೇವೆ. ರವಿವಾರವೇ ಬಿಸಿರೊಟ್ಟಿ ಬೇಕೆಂದರೆ ಆಗುವುದಿಲ್ಲ. ಊರಲ್ಲಿ ರೊಟ್ಟಿ ಕೇಂದ್ರಗಳು ಬೇಕಾದಷ್ಟಿವೆ, ಚೆನ್ನಾಗಿ ಬಡಿಯುವವರು ಯಾರು ಅಂತ ಕೇಳಿದರೆ ನಾವೇ ತೋರಿಸುತ್ತೇವೆ. ಖಾನಾವಳಿಯವರ ಖಾಯಂ ಆರ್ಡರ್‌ಗಳ ಬಗ್ಗೆ ಒಬ್ಬೊಬ್ಬರ ಜೊತೆ ಬೇರೆಯೇ ಮಾತಾಡಿದ್ದೇವೆ.

ಬರುವ ತಿಂಗಳ ರವಿವಾರಗಳಿಗೆ ಈಗಾಗಲೇ ಅಡ್ವಾನ್ಸ್ ಕೊಟ್ಟವರು ಚೀಟಿ ತೆಗೆದುಕೊಂಡು ಬನ್ನಿ. ಶನಿವಾರಕ್ಕೆ ಬದಲಾಯಿಸಿ ಕೊಡುತ್ತೇವೆ, ಬೇಡ ಅಂದರೆ ದುಡ್ಡು ವಾಪಸ್. ಚೀಟಿ ಕಳೆದಿದ್ದರೆ ಫೋನ್ ನಂಬರ್ ಹೇಳಿದರೆ ಸಾಕು, ವಹಿಯಲ್ಲಿ ಬರೆದಿದೆ.

ನಿಮ್ಮ
ರೊಟ್ಟಿ ಕೇಂದ್ರದ ಎಲ್ಲ ಸದಸ್ಯೆಯರು
ಕಲಬುರಗಿ