107 ಗೆಲುವುಗಳ ಹಿಂದಿನ ಲೆಕ್ಕಾಚಾರ

ಬೇ ಏರಿಯಾದ ನಮ್ಮ ಕನ್ನಡ ಕುಟುಂಬಗಳಲ್ಲಿ ಕ್ರಿಕೆಟ್ ನೋಡುತ್ತ ಬೆಳೆದ ತಂದೆತಾಯಿಯರೂ ಬೇಸ್‌ಬಾಲ್ ಆಡುತ್ತ ಬೆಳೆಯುತ್ತಿರುವ ಮಕ್ಕಳೂ ಜೊತೆಗೆ ಕುಳಿತು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಪಂದ್ಯ ನೋಡುವುದು ಈಗ ಹೊಸತಲ್ಲ. ಈ ತಂಡದ ಮಾತು ಬಂದಾಗಲೆಲ್ಲ 2021ರ ಋತುವಿನ ಪ್ರಸ್ತಾಪವೂ ಬರುತ್ತದೆ, ಮತ್ತು ಅದೊಂದು ಅದೃಷ್ಟದ ವರ್ಷವೆಂದು ಹೇಳಿ ಮುಗಿಸುವವರೇ ಹೆಚ್ಚು. ಆ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಅಂದು ನಡೆದದ್ದು ಆ ವರ್ಷದ ಆಟಗಾರರಿಗೂ ಆ ವರ್ಷದ ನಿಯಮಗಳಿಗೂ ಅಳತೆ ತೆಗೆದು ಹೊಲಿದಂತಿದ್ದ ಒಂದು ಯೋಜನೆ; ಅದು ಮರುವರ್ಷ ಫಲಿಸದೆ ಹೋದದ್ದಕ್ಕೂ ಕಾರಣ ಅದೇ.

2017ರಿಂದ 2020ರವರೆಗೆ ನಾಲ್ಕು ಋತುಗಳಲ್ಲಿ ಸತತವಾಗಿ ಗೆಲುವಿಗಿಂತ ಸೋಲನ್ನೇ ಹೆಚ್ಚಾಗಿ ಕಂಡಿದ್ದ ತಂಡವಿದು. ಅದೇ ವಿಭಾಗದಲ್ಲಿದ್ದ ಲಾಸ್ ಏಂಜಲೀಸ್ ಡಾಡ್ಜರ್ಸ್ ಎಂಟು ವರ್ಷ ಸತತವಾಗಿ ವಿಭಾಗ ಪ್ರಶಸ್ತಿ ಗೆದ್ದಿತ್ತು. ಸ್ಯಾನ್ ಡಿಯಾಗೊ ಪಾಡ್ರೆಸ್ ಹೊಸ ಪಿಚ್ಚರ್‌ಗಳನ್ನು, ಅಂದರೆ ಚೆಂಡು ಎಸೆಯುವವರನ್ನು, ಕೊಂಡು ಬಲಿಷ್ಠವಾಗಿತ್ತು. ಜೈಂಟ್ಸ್‌ಗೆ ಮೂರನೆಯ ಸ್ಥಾನವೇ ಗತಿ ಎಂಬುದು ಎಲ್ಲರ ಅಂದಾಜಾಗಿತ್ತು. ಆದರೆ ತಂಡ 162 ಪಂದ್ಯಗಳಲ್ಲಿ 107ನ್ನು ಗೆದ್ದು, ನ್ಯೂಯಾರ್ಕಿನಲ್ಲಿದ್ದಾಗ 1904ರಲ್ಲಿ ತಾನೇ ಸ್ಥಾಪಿಸಿದ್ದ 106 ಗೆಲುವುಗಳ ದಾಖಲೆಯನ್ನು ಮುರಿಯಿತು. ಡಾಡ್ಜರ್ಸ್ 106 ಗೆದ್ದೂ ಎರಡನೆಯ ಸ್ಥಾನಕ್ಕಿಳಿಯಬೇಕಾಯಿತು. ಜೈಂಟ್ಸ್ ಹೊಡೆದ ರನ್‌ಗಳು 804, ಬಿಟ್ಟುಕೊಟ್ಟವು 594. ಆರು ತಿಂಗಳು ನಡೆಯುವ ಋತುವಿನಲ್ಲಿ 210 ರನ್‌ಗಳ ಅಂತರವನ್ನು ಅದೃಷ್ಟ ತಂದುಕೊಡಲಾರದು.

ಯಾರು ಯಾವಾಗ ಆಡಬೇಕೆಂದು ನಿರ್ಧರಿಸುವ ಮ್ಯಾನೇಜರ್ ಗೇಬ್ ಕ್ಯಾಪ್ಲರ್ ನೆಚ್ಚಿಕೊಂಡಿದ್ದು ಪ್ಲಾಟೂನ್ ಎಂಬ ಹಳೆಯ ಉಪಾಯವನ್ನು. ಬಲಗೈ ಪಿಚ್ಚರ್ ಎಸೆಯುವ ಸ್ಲೈಡರ್ ಎಂಬ ಪಕ್ಕಕ್ಕೆ ಸರಿಯುವ ಚೆಂಡು ಬಲಗೈ ಬ್ಯಾಟರ್‌ನಿಂದ ಹೊರಕ್ಕೆ ಸರಿಯುತ್ತದೆ, ಎಡಗೈ ಬ್ಯಾಟರ್‌ನತ್ತ ಒಳಕ್ಕೆ ಬರುತ್ತದೆ. ಹೊರಕ್ಕೆ ಸರಿಯುವ ಚೆಂಡನ್ನು ಆಡುವುದು ಎಷ್ಟು ಕಷ್ಟವೆಂಬುದನ್ನು ಕ್ರಿಕೆಟ್ ಬಲ್ಲವರಿಗೆ ವಿವರಿಸಬೇಕಿಲ್ಲ. ಆದ್ದರಿಂದ ಎದುರಾಳಿ ಪಿಚ್ಚರ್ ಯಾವ ಕೈಯವನೋ ಅದಕ್ಕೆ ವಿರುದ್ಧ ಕೈಯ ಬ್ಯಾಟರ್‌ನನ್ನು ಇಳಿಸುವುದು ಲಾಭಕರ. ಜೈಂಟ್ಸ್ ಇದನ್ನು ಒಂದೆರಡು ಸ್ಥಾನಗಳಿಗೆ ಸೀಮಿತಗೊಳಿಸದೆ ಇಡೀ ತಂಡದ ನಿತ್ಯದ ಪದ್ಧತಿಯನ್ನಾಗಿ ಮಾಡಿಕೊಂಡಿತು. ಎರಡನೇ ಬೇಸ್‌ನಲ್ಲಿ ಎಡಗೈಯ ಟಾಮಿ ಲಾ ಸ್ಟೆಲ್ಲಾ ಮತ್ತು ಬಲಗೈಯ ಡೊನೊವನ್ ಸೊಲಾನೊ, ಲೆಫ್ಟ್ ಫೀಲ್ಡ್‌ನಲ್ಲಿ ಎಡಗೈಯ ಅಲೆಕ್ಸ್ ಡಿಕರ್ಸನ್ ಮತ್ತು ಬಲಗೈಯ ಡ್ಯಾರಿನ್ ರಫ್ ಸರದಿಯಂತೆ ಆಡಿದರು. ರಫ್ ಮೂರು ವರ್ಷ ಕೊರಿಯಾದ ಲೀಗ್‌ನಲ್ಲಿ ಆಡಿ ಬಂದವರು. ಮಿನೆಸೋಟ ತಂಡ ಬಿಟ್ಟುಕೊಟ್ಟಿದ್ದ ಲಾಮಾಂಟ್ ವೇಡ್, ಸೋಲು ಖಚಿತವೆನಿಸಿದ ಒಂಬತ್ತನೇ, ಅಂದರೆ ಕೊನೆಯ, ಇನ್ನಿಂಗ್ಸ್‌ಗಳಲ್ಲಿ ಮತ್ತೆ ಮತ್ತೆ ತಂಡವನ್ನು ಎತ್ತಿ ನಿಲ್ಲಿಸಿದವರು. ಇಂಥವರನ್ನು ಹುಡುಕಿ ತಂದವರು ಓಕ್ಲೆಂಡ್ ಮತ್ತು ಡಾಡ್ಜರ್ಸ್ ತಂಡಗಳ ಆಡಳಿತದಲ್ಲಿ ಪಳಗಿ, 2018ರ ಕೊನೆಯಲ್ಲಿ ತಂಡ ಕಟ್ಟುವ ವಿಭಾಗದ ಮುಖ್ಯಸ್ಥರಾಗಿ ಇಲ್ಲಿಗೆ ಬಂದ ಫರ್ಹಾನ್ ಜೈದಿ.

ಆ ವರ್ಷದ ನಿಯಮಗಳೂ ಈ ಪದ್ಧತಿಗೆ ಒದಗಿಬಂದವು, ಈ ಅಂಶವನ್ನು ಮಾತ್ರ ಹೆಚ್ಚಿನವರು ಗಮನಿಸುವುದಿಲ್ಲ. ಬೇಸ್‌ಬಾಲ್‌ನಲ್ಲಿ ಒಮ್ಮೆ ಹೊರಗೆ ಹೋದ ಆಟಗಾರ ಆ ಪಂದ್ಯಕ್ಕೆ ಮರಳುವಂತಿಲ್ಲವಾದ್ದರಿಂದ ಪ್ರತಿ ಬದಲಾವಣೆಯೂ ಒಂದು ಖರ್ಚೇ ಸರಿ. ಆದರೆ 2021ರಲ್ಲಿ, ಮೇಜರ್ ಲೀಗ್‌ನ ಎರಡು ಲೀಗ್‌ಗಳಲ್ಲಿ ಜೈಂಟ್ಸ್ ಆಡುವ ನ್ಯಾಷನಲ್ ಲೀಗ್‌ನ ಪಿಚ್ಚರ್‌ಗಳು ತಾವೇ ಬ್ಯಾಟ್ ಹಿಡಿಯಬೇಕಿತ್ತು. ಅವರ ಸರದಿ ಬಂದಾಗ ಬದಲಿ ಬ್ಯಾಟರ್‌ನನ್ನು, ಅಂದರೆ ಪಿಂಚ್ ಹಿಟ್ಟರ್‌ನನ್ನು, ಕಳಿಸುವ ಅವಕಾಶ ಹೆಚ್ಚುಕಡಿಮೆ ಪ್ರತಿ ಪಂದ್ಯದಲ್ಲೂ ಸಿಗುತ್ತಿತ್ತು. ಅದರ ಮೇಲೆ, ಹೊಸದಾಗಿ ಬಂದ ಪಿಚ್ಚರ್ ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಬೇಕು ಅಥವಾ ಆ ಇನ್ನಿಂಗ್ಸ್ ಮುಗಿಸಬೇಕು ಎಂಬ ನಿಯಮ 2020ರಿಂದ ಜಾರಿಯಲ್ಲಿತ್ತು. ಕ್ಯಾಪ್ಲರ್ ಬ್ಯಾಟರ್‌ನನ್ನು ಬದಲಿಸಿದರೆ ಎದುರಾಳಿ ಮ್ಯಾನೇಜರ್ ಆಗತಾನೆ ಇಳಿಸಿದ ಪಿಚ್ಚರ್‌ನನ್ನು ಒಡನೆಯೇ ಬದಲಿಸಿ ಉತ್ತರ ಕೊಡುವಂತಿರಲಿಲ್ಲ. ಇದರ ಫಲವಾಗಿ ಜೈಂಟ್ಸ್‌ನ ಪಿಂಚ್ ಹಿಟ್ಟರ್‌ಗಳು ಒಂದೇ ಋತುವಿನಲ್ಲಿ 18 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಬಾರಿಸಿ ಮೇಜರ್ ಲೀಗ್ ದಾಖಲೆ ಬರೆದರು. ತಂಡದ ಒಟ್ಟು ಹೋಮ್ ರನ್‌ಗಳು 241. ಅದೂ ತಂಡದ ಇತಿಹಾಸದಲ್ಲೇ ಅತಿ ಹೆಚ್ಚು.

ಹಾಗೆಂದು ಎಲ್ಲ ಶ್ರೇಯಸ್ಸನ್ನೂ ಲೆಕ್ಕಾಚಾರಕ್ಕೆ ಕೊಟ್ಟರೆ ತಪ್ಪಾಗುತ್ತದೆ. ಹಿಂದಿನ ವರ್ಷವಿಡೀ ಆಡದೆ ಹಿಂತಿರುಗಿದ, ಬ್ಯಾಟರ್ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವ ಕ್ಯಾಚರ್ ಬಸ್ಟರ್ ಪೋಸಿ .304ರ (ಹತ್ತರಲ್ಲಿ ಸುಮಾರು ಮೂರು ಬಾರಿ ಹಿಟ್, ಅಂದರೆ ಬೇಸ್ ತಲುಪಿಸುವ ಹೊಡೆತ) ಸರಾಸರಿಯಲ್ಲಿ 18 ಹೋಮ್ ರನ್ ಹೊಡೆದರು. ಅವರ ಮೊಣಕಾಲುಗಳಿಗೆ ಬಿಡುವು ಸಿಗುವಂತೆ ವಿಶ್ರಾಂತಿಯ ದಿನಗಳನ್ನು ಮೊದಲೇ ನಿಗದಿ ಮಾಡಲಾಗುತ್ತಿತ್ತು. 34ರ ವಯಸ್ಸಿನಲ್ಲಿ ಬ್ರ್ಯಾಂಡನ್ ಕ್ರಾಫರ್ಡ್ 24 ಹೋಮ್ ರನ್‌ಗಳೊಂದಿಗೆ ತಮ್ಮ ವೃತ್ತಿಜೀವನದ ಶ್ರೇಷ್ಠ ಆಟವಾಡಿದರು. ಬ್ರ್ಯಾಂಡನ್ ಬೆಲ್ಟ್ ಕೇವಲ 97 ಪಂದ್ಯಗಳಲ್ಲಿ 29 ಹೋಮ್ ರನ್ ಬಾರಿಸಿ, ಋತುವಿನ ಕೊನೆಯ ವಾರದ ಹೊತ್ತಿಗೆ ಬಂಟ್ ಮಾಡಲು (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟಲು) ಹೋಗಿ ಹೆಬ್ಬೆರಳು ಮುರಿದುಕೊಂಡರು. ಈ ಮೂವರು ಹಳಬರ ಆಟದ ಬುನಾದಿ ಇದ್ದುದರಿಂದಲೇ ಉಳಿದವರನ್ನು ಹಿಂದುಮುಂದು ಮಾಡುತ್ತ ಆಡಿಸಲು ಸಾಧ್ಯವಾಯಿತು. ಪಿಚ್ಚಿಂಗ್‌ನಲ್ಲಿ ಕೆವಿನ್ ಗಾಸ್‌ಮನ್ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 2.81 ರನ್ನಷ್ಟೇ ಕೊಟ್ಟು 227 ಸ್ಟ್ರೈಕ್ಔಟ್ (ಮೂರು ಸ್ಟ್ರೈಕ್‌ಗಳಿಂದ ಬ್ಯಾಟರ್‌ನನ್ನು ಔಟ್ ಮಾಡುವುದು) ಗಳಿಸಿದರು. ಯುವಕ ಲೋಗನ್ ವೆಬ್ ಋತು ಮುಗಿಯುವ ವೇಳೆಗೆ ಅವರನ್ನೂ ಮೀರಿಸುವಂತೆ ಎಸೆಯುತ್ತಿದ್ದರು.

ಅಕ್ಟೋಬರ್ 14ರ ರಾತ್ರಿ ಡಾಡ್ಜರ್ಸ್ ವಿರುದ್ಧದ ಐದು ಪಂದ್ಯಗಳ ಸರಣಿಯ ನಿರ್ಣಾಯಕ ಆಟ ಆರಂಭವಾಗುವಾಗ, ಪೋಸ್ಟ್‌ಸೀಸನ್ (ಋತುವಿನ ನಂತರದ ಪ್ರಶಸ್ತಿ ಸುತ್ತು) ಸೇರಿಸಿ ಎರಡೂ ತಂಡಗಳ ಗೆಲುವುಗಳು ಸರಿಯಾಗಿ 109 ಇದ್ದವು. ಡಾಡ್ಜರ್ಸ್ ಅಂದು ಜೈಂಟ್ಸ್‌ನ ಅಸ್ತ್ರಕ್ಕೆ ಪ್ರತ್ಯಸ್ತ್ರ ಹೂಡಿತು. ಎಡಗೈಯ ಹುಲಿಯೊ ಉರಿಯಾಸ್‌ರಿಂದ ಆರಂಭಿಸುವ ಬದಲು ಮೊದಲ ಎರಡು ಇನ್ನಿಂಗ್ಸ್‌ಗಳಿಗೆ ಇಬ್ಬರು ಬಲಗೈ ಪಿಚ್ಚರ್‌ಗಳನ್ನು ಬಳಸಿ, ಉರಿಯಾಸ್‌ರನ್ನು ಮೂರನೆಯದಕ್ಕೆ ತಂದು, ಕ್ಯಾಪ್ಲರ್ ಯಾರನ್ನು ಆಡಿಸಬೇಕೆಂಬುದನ್ನೇ ಗೋಜಲು ಮಾಡಿತು. ಆದರೂ ಆರನೇ ಇನ್ನಿಂಗ್ಸ್‌ನಲ್ಲಿ ಬಲಗೈಯ ರಫ್ ಅದೇ ಉರಿಯಾಸ್‌ರ ಚೆಂಡನ್ನು ಸೆಂಟರ್ ಫೀಲ್ಡ್‌ನ ಗೋಡೆಯಾಚೆಗೆ ಕಳಿಸಿ 1–1 ಮಾಡಿದರು. ಒಂಬತ್ತನೆಯದರಲ್ಲಿ ಕೋಡಿ ಬೆಲಿಂಜರ್ ಡಾಡ್ಜರ್ಸ್‌ಗೆ ಮುನ್ನಡೆ ತಂದುಕೊಟ್ಟರು. ಕೊನೆಗೆ, ಡಾಡ್ಜರ್ಸ್ ಪಿಚ್ಚರ್ ಮ್ಯಾಕ್ಸ್ ಶರ್ಜರ್ ವಿರುದ್ಧ ಅದುವರೆಗೆ ಒಂದೂ ಹಿಟ್ ಪಡೆಯದಿದ್ದ ಬಲಗೈಯ ವಿಲ್ಮರ್ ಫ್ಲೋರೆಸ್ ಬ್ಯಾಟ್ ಬೀಸಲು ಹೊರಟು ತಡೆದುಕೊಂಡರೂ, ಬೀಸಿಯೇ ಬಿಟ್ಟರೆಂದು ಮೊದಲನೇ ಬೇಸ್‌ನ ಅಂಪೈರ್ ಕೈ ಎತ್ತಿದಾಗ, ಅದು ಮೂರನೆಯ ಸ್ಟ್ರೈಕ್ ಆಗಿ ಅವರು ಔಟಾಗಿ, ಋತು ಮುಗಿಯಿತು. ಆ ತೀರ್ಪು ತಪ್ಪೆಂದೇ ನನ್ನ ಅಭಿಪ್ರಾಯ. ಆದರೆ ಸರಿಯಾದ ತೀರ್ಪು ಬಂದಿದ್ದರೂ ಫ್ಲೋರೆಸ್ ಎರಡು ಸ್ಟ್ರೈಕ್‌ಗಳೊಂದಿಗೆ ಶರ್ಜರ್ ಎದುರಿಗೇ ನಿಂತಿರಬೇಕಾಗಿತ್ತು. ಸೋಲನ್ನೆಲ್ಲ ಆ ಅಂಪೈರ್ ತಲೆಗೆ ಕಟ್ಟುವುದು ನ್ಯಾಯವಲ್ಲ.

ಪೋಸಿ ನವೆಂಬರ್‌ನಲ್ಲಿ ನಿವೃತ್ತರಾದರು, ಗಾಸ್‌ಮನ್ ಟೊರಾಂಟೊಗೆ ಹೋದರು, 2022ರಿಂದ ಎರಡೂ ಲೀಗ್‌ಗಳಲ್ಲಿ ಪಿಚ್ಚರ್‌ಗಳು ಬ್ಯಾಟ್ ಹಿಡಿಯುವುದು ನಿಂತಿತು. ಮ್ಯಾನೇಜರ್ ಅವರೇ, ಪ್ಲಾಟೂನ್ ಅದೇ. ಫಲಿತಾಂಶ ಮಾತ್ರ 81 ಗೆಲುವು, 81 ಸೋಲು. ಬುನಾದಿಯಂತಿದ್ದ ಆಟಗಾರರ ಜಾಗಕ್ಕೆ ಅಂಥವರನ್ನೇ ತರದೆ ಬದಲಾವಣೆಗಳ ಮೇಲೆಯೇ ಭಾರ ಹಾಕಿದ್ದು ಜೈದಿಯವರ ದೊಡ್ಡ ಲೋಪವೆಂದು ನಾನು ಭಾವಿಸುತ್ತೇನೆ. ಕ್ಯಾಪ್ಲರ್ 2023ರಲ್ಲಿ, ಜೈದಿ 2024ರಲ್ಲಿ ಹುದ್ದೆ ಕಳೆದುಕೊಂಡರು. ಜೈದಿಯವರ ಸ್ಥಾನಕ್ಕೆ ಬಂದವರು ಸ್ವತಃ ಪೋಸಿ.